ಹದಿನೇಳನೇ ಪುಟದ ಬೆರಳುಗಳು

ನಮ್ಮ ಸಾಹೇಬರು ತೀರಿಕೊಂಡ ಮರುವಾರ ಪುಣೆಯ ಕೋಥರೂಡದ ಅವರ ಮನೆಗೆ ಮಾತಾಡಿಸಲು ಹೋಗಿದ್ದೆ. ಕೈ ತೊಳೆಯಲೆಂದು ಬಚ್ಚಲಿಗೆ ಹೋದವಳಿಗೆ ಗೀಸರ್ ಸ್ವಿಚ್ಚಿನ ಪಕ್ಕದಲ್ಲಿ ಒಂದು ಚೀಟಿ ಕಂಡಿತು. ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದರು. ಒಂದು, ನಲ್ಲಿಯಲ್ಲಿ ನೀರು ಬರುತ್ತಿದೆಯೇ ನೋಡಬೇಕು. ಎರಡು, ಕೈ ಒಣಗಿದೆಯೇ ನೋಡಬೇಕು. ಮೂರು, ಸ್ವಿಚ್ ಒತ್ತಬೇಕು. ಹೀಗೇ ಹೋಗಿ ಹೋಗಿ ಏಳನೆಯದು, ಸ್ನಾನ ಮಾಡಬೇಕು. ಅದರ ಕೆಳಗೆ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಎಂದು ಮೂರು ಗೆರೆ. ಮೂರರ ಮೇಲೂ ಸಾಹೇಬರದೇ ಸಹಿ.

ಹೊರಗೆ ಬಂದು ಸಾಹೇಬರ ಹೆಂಡತಿಗೆ, "ವೈನಿ, ಆ ಚೀಟಿ ಇನ್ನೂ ಹಂಗ ಅದ ಅಲ್ರಿ" ಎಂದೆ.

"ಹ್ಯಾಂಗ ತಗೀಲಿ? ಹಚ್ಚಿದ್ದನ್ನ ತಗೀಲಿಕ್ಕೆ ಬ್ಯಾರೆ ಫಾರ್ಮ್ ತುಂಬಬೇಕು ಅಂತಿದ್ರು. ಆ ಫಾರ್ಮ್ ಎಲ್ಲಿ ಇಟ್ಟಾರೋ ಏನೋ" ಎಂದರು ವೈನಿ. ಅಳುತ್ತಿದ್ದವರು ನಕ್ಕುಬಿಟ್ಟರು, ಆಮೇಲೆ ನಕ್ಕಿದ್ದಕ್ಕೇ ಮತ್ತೆ ಅತ್ತರು.

ಇಲ್ಲಿನ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ಸಾಹೇಬರ ಬಗ್ಗೆ ಎರಡು ಪುಟ ಕೇಳಿದ್ದಾರೆ. "ನೀವು ಅವರ ಕೈಕೆಳಗ ಭಾಳ ವರ್ಷ ಇದ್ರಿ, ಚಲೋ ಚಲೋ ಇದ್ದದ್ದು ಬರೀರಿ" ಎಂದರು. ಚಲೋ ಚಲೋ ಇದ್ದದ್ದನ್ನೆಲ್ಲ ನಾನು ಶ್ರದ್ಧಾಂಜಲಿ ಸಭೆಯಲ್ಲಿ ಮೈಕಿನ ಮುಂದೆ ಒಮ್ಮೆ ಓದಿ ಮುಗಿಸಿದ್ದೇನೆ. ಈಗ ನನ್ನ ಹತ್ತಿರ ಉಳಿದಿರುವುದು ಇಷ್ಟು. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದೆ. ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಹಡಿಯಲ್ಲಿ ಎರಡು ಖೋಲಿಯ ಮನೆ. ಊರ ಹೊರಗಿನ ರೆಸಿನ್ ಕಾರ್ಖಾನೆಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ರೆಸಿನ್ ಎಂದರೆ ಬಣ್ಣ ಗೋಡೆಗೆ ಅಂಟಿಕೊಳ್ಳಲು ಬೇಕಾಗುವ ಜಿಗುಟು ಪದಾರ್ಥ. ಎಣ್ಣೆ ಮತ್ತು ನಾಲ್ಕಾರು ರಾಸಾಯನಿಕಗಳನ್ನು ಕೆಟಲ್ ಎಂದು ಕರೆಯುವ ದೊಡ್ಡ ಉಕ್ಕಿನ ಹಂಡೆಯಲ್ಲಿ ತಾಸುಗಟ್ಟಲೆ ಕುದಿಸಿ ಅದನ್ನು ಮಾಡುತ್ತಾರೆ. ಕುದಿಯುತ್ತ ಕುದಿಯುತ್ತ ಅದು ಗಟ್ಟಿಯಾಗುತ್ತದೆ. ಹದ ಬಂದ ಗಳಿಗೆಯಲ್ಲಿ ಕೆಳಗಿನ ವಾಲ್ವ್ ತೆರೆದು ದ್ರಾವಕ ತುಂಬಿದ ಟ್ಯಾಂಕಿಗೆ ಇಳಿಸಬೇಕು. ತಡವಾದರೆ ಕೆಟಲಿನೊಳಗೇ ಕಲ್ಲಾಗಿ ಕೂತುಬಿಡುತ್ತದೆ. ಆಮೇಲೆ ಕೆಟಲ್ ಆರಿಸಿ, ಮನುಷ್ಯರು ಒಳಗಿಳಿದು, ಉಳಿ ಸುತ್ತಿಗೆಯಿಂದ ದಿನಗಟ್ಟಲೆ ಒಡೆದು ತೆಗೆಯಬೇಕು. ನಾನು ಸೇರುವ ಮೊದಲು ಒಮ್ಮೆ ಹಾಗಾಗಿತ್ತಂತೆ. ಒಳಗಿಳಿದವರಲ್ಲಿ ಕೆಟಲ್ ಆಪರೇಟರ್ ಶರಣಪ್ಪನೂ ಒಬ್ಬ. ಆಗ ಉಳಿ ಜಾರಿ ಅವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತು. ಆಮೇಲೆ ಬೆಳೆದ ಉಗುರೂ ಹಾಗೇ ಎರಡು ಭಾಗವಾಗಿ ಬೆಳೆಯಿತು.

ಸಾಹೇಬರು ಧಾರವಾಡದ ಕಡೆಯವರೇ. ಉತ್ಪಾದನೆಯ ಕ್ರಮಗಳನ್ನೆಲ್ಲ ಬರೆದಿಡುವ ವಿಭಾಗಕ್ಕೆ ಮುಖ್ಯಸ್ಥರು. ನಮ್ಮ ಭಾಷೆಯವರು ಸಿಕ್ಕರಲ್ಲ ಎಂದು ನಾನು ಹಿಗ್ಗಿದ್ದೆ. ನನ್ನ ಹಿಗ್ಗು ಒಂದು ವಾರ ಬಾಳಿತು. ಅವರ ಬಾಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಇಲಾಖೆ. ಮೀಟಿಂಗಿನಲ್ಲಿ ಮರಾಠಿ, ಬೈಯಲು ಇಂಗ್ಲಿಷ್. ಪಾಳಿ ಮುಗಿದ ಮೇಲೂ ನನ್ನನ್ನು ಕೂರಿಸಿಕೊಂಡು ಟೈಪು ಮಾಡಿಸಬೇಕಾದಾಗ ಮಾತ್ರ ಕನ್ನಡ. "ಬಾಯಾರ, ನಮ್ಮೂರವರು ನೀವು, ನಿಮಗಲ್ಲದ ಇನ್ಯಾರಿಗೆ ಹೇಳಲಿ?" ಎಂದು ಬಾಗಿಲಲ್ಲಿ ನಿಂತರೆಂದರೆ ನನ್ನ ಕಂಪನಿ ಬಸ್ಸು ತಪ್ಪಿತೆಂದೇ ಲೆಕ್ಕ.

ಬರೆಯುವುದೆಂದರೆ ಅವರಿಗೆ ಹುಚ್ಚು. ಪ್ಯಾಂಟ್ರಿಯಲ್ಲಿ ಚಹಾ ಮಾಡುವ ಕ್ರಮ ಬರೆದು ಗೋಡೆಗೆ ಅಂಟಿಸಿದರು. ಅದಕ್ಕೆ ನಂಬರು, ಆವೃತ್ತಿ ಎಲ್ಲ ಇತ್ತು. ಮೂರನೇ ಆವೃತ್ತಿಯಲ್ಲಿ ಶುಂಠಿಯನ್ನು ಯಾವ ದಿಕ್ಕಿಗೆ ಹೆರೆಯಬೇಕೆಂದು ಬಂದಾಗ, ಹದಿನೈದು ವರ್ಷದಿಂದ ಚಹಾ ಮಾಡುತ್ತಿದ್ದ ಮಾವಶಿ ಬಟ್ಟೆ ಕೊಡವಿ ಎದ್ದು ಬೇರೆ ಕಾರ್ಖಾನೆಗೆ ಹೋದಳು. ಮಗಳ ಮದುವೆಯಲ್ಲಿ ಪುರೋಹಿತರ ಪಕ್ಕದಲ್ಲೇ ರಟ್ಟಿಗೆ ಸಿಕ್ಕಿಸಿದ ಕಾಗದ ಹಿಡಿದು ನಿಂತಿದ್ದರು. ಒಂದೊಂದು ವಿಧಿ ಮುಗಿದಂತೆ ಗುರುತು ಹಾಕುತ್ತಿದ್ದರು. ಇನ್ನೇನು ತಾಳಿ ಕಟ್ಟಬೇಕು, ವಾಲಗದವರು ಜೋರು ಹಿಡಿದಿದ್ದಾರೆ, "ತಡೀರಿ, ಇಪ್ಪತ್ತೆರಡನೆಯದು ಆಗಿಲ್ಲ" ಎಂದು ಇವರು ಕೈ ಎತ್ತಿದರು. ವರ ತಾಳಿ ಹಿಡಿದುಕೊಂಡೇ ನಿಂತ. ಇಪ್ಪತ್ತೆರಡನೆಯದು ಏನೆಂದರೆ, ಫೋಟೋದವನಿಗೆ ಸೂಚನೆ ಕೊಡುವುದು.

ಸುಳ್ಳು ಹೇಳಬಾರದು, ಈ ಹುಚ್ಚಿಗೆ ಒಂದು ಮೂಲವಿತ್ತು. ಅವರು ಹೊಸದಾಗಿ ಬಂದಾಗ ಯಾವ ಬ್ಯಾಚಿಗೆ ಏನು ಹಾಕಬೇಕೆಂಬುದು ಎಣ್ಣೆ ಬಿದ್ದ ಚೀಟಿಗಳಲ್ಲಿ, ಇಲ್ಲವೇ ಹಳಬರ ತಲೆಯಲ್ಲಿ ಇರುತ್ತಿತ್ತು. ಒಬ್ಬ ಆಪರೇಟರ್ ಚೀಟಿ ತಪ್ಪಾಗಿ ಓದಿ ಬೇರೆ ಡ್ರಮ್ಮು ಸುರಿದು, ಕೆಟಲ್ ಉಕ್ಕಿ, ತೋಳು ಸುಟ್ಟುಕೊಂಡ. ಸಾಹೇಬರು ಮೂರು ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದರಂತೆ. ಕೆಲಸದ ಕ್ರಮ ಹೇಳುವ ಮೊದಲ ವರ್ಕ್ ಇನ್‌ಸ್ಟ್ರಕ್ಷನ್ ಬರೆದದ್ದು ಆ ಆಸ್ಪತ್ರೆಯ ಬೆಂಚಿನ ಮೇಲೆ. ಬರೆದಿಟ್ಟರೆ ಯಾರೂ ಸುಟ್ಟುಕೊಳ್ಳುವುದಿಲ್ಲ ಎಂದು ಅವರು ನಿಜವಾಗಿ ನಂಬಿದ್ದರು. ಅದಕ್ಕಾಗಿ ಅವರನ್ನು ನಾನು ಈಗಲೂ ಗೌರವಿಸುತ್ತೇನೆ. ಆಮೇಲಾಮೇಲೆ ಸುಟ್ಟುಕೊಳ್ಳುವವನು ಮರೆತು ಹೋದ, ಬರೆದಿಡುವುದಷ್ಟೇ ಉಳಿಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರೊಮ್ಮೆ ಮುಂಬೈಯಲ್ಲಿ ಯಾವುದೋ ಸೆಮಿನಾರಿಗೆ ಹೋಗಿ ಬಂದರು. ಮರುದಿನ ನನ್ನ ಮೇಜಿನ ಮೇಲಿದ್ದ ಫೈಲುಗಳ ರಾಶಿಯನ್ನು ತೋರಿಸಿ, "ಬಾಯಾರ, ಇವೆಲ್ಲ ಇನ್ನ ಮುಗೀತ್ರಿ. ಎಲ್ಲಾ ಬ್ರೌಸರ್‌ದಾಗ ಬರತದ" ಎಂದರು. ಬ್ರೌಸರ್ ಎಂಬ ಶಬ್ದವನ್ನು ಕುಲದೇವರ ಹೆಸರಿನ ಹಾಗೆ ಹೇಳುತ್ತಿದ್ದರು. ಪ್ರತಿ ಕೆಟಲಿನ ಪಕ್ಕ ಒಂದು ಕಂಪ್ಯೂಟರು. ಅದರ ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಹೆಜ್ಜೆ. ಅದನ್ನು ಮಾಡಿ 'ಆಯಿತು' ಎಂದು ಒತ್ತಿದರೆ ಮಾತ್ರ ಮುಂದಿನ ಪುಟ. ಯಾರು ಒತ್ತಿದರು, ಎಷ್ಟು ಗಂಟೆಗೆ ಒತ್ತಿದರು, ಎಲ್ಲ ದಾಖಲು. ಪುಟ ಕಟ್ಟುವವರು ಯಾರು? ನಾನೇ. ನಮ್ಮ ವಾಡೆಯ ಎದುರಿನ ಕೋಚಿಂಗ್ ಕ್ಲಾಸಿನಲ್ಲಿ ಕಾಲೇಜು ಹುಡುಗಿಯರ ನಡುವೆ ಕೂತು ಎರಡು ತಿಂಗಳು ಕಲಿತು ಬಂದೆ.

ಸಾಹೇಬರು ಮಾತ್ರ ಕಂಪ್ಯೂಟರನ್ನು ಮುಟ್ಟಲಿಲ್ಲ. ನಾನು ಕಟ್ಟಿದ ಪ್ರತಿ ಪುಟವನ್ನೂ ಕಾಗದಕ್ಕಿಳಿಸಿ ಅವರ ಮುಂದಿಡಬೇಕು. ಅವರು ಕೆಂಪು ಪೆನ್ನಿನಲ್ಲಿ ತಿದ್ದಬೇಕು. ನಾನು ಮತ್ತೆ ಕಟ್ಟಬೇಕು. ಫೈಲುಗಳ ರಾಶಿ ಮೊದಲಿನದಕ್ಕಿಂತ ಎರಡು ಪಟ್ಟಾಯಿತು. ಕಾರಣ ಹೇಳದೆ ಒಂದು ಅಲ್ಪವಿರಾಮವೂ ಬದಲಾಗಕೂಡದೆಂದು ಅವರ ಅಪ್ಪಣೆ. ಹಾಗಾಗಿ ಪ್ರತಿ ತಿದ್ದುಪಡಿಗೂ 'ಬದಲಾವಣೆಯ ಕಾರಣ' ಎಂಬ ಚೌಕ ತುಂಬಬೇಕು, ಕೊನೆಗೆ 'ಒಪ್ಪಿದವರು' ಎಂಬಲ್ಲಿ ಸಾಹೇಬರು ತಮ್ಮ ಪಾಸ್‌ವರ್ಡ್ ಹಾಕಿ ಒತ್ತಬೇಕು. ಅದನ್ನೂ ಅವರ ಪರವಾಗಿ ನಾನೇ ಒತ್ತುತ್ತಿದ್ದೆ. ಪಾಸ್‌ವರ್ಡ್ ನನ್ನ ಡ್ರಾವರಿನೊಳಗೆ ಚೀಟಿಯಲ್ಲಿ ಅವರದೇ ಅಕ್ಷರದಲ್ಲಿತ್ತು. ಆ ಚೀಟಿಗೂ ಆವೃತ್ತಿ ನಂಬರು ಹಾಕಿದ್ದರು.

ಉದ್ಘಾಟನೆಯ ದಿನ ತೆಂಗಿನಕಾಯಿ ಒಡೆದು ಶುರು ಮಾಡಿದೆವು. ಪುಟಗಳು ಮರಾಠಿಯಲ್ಲಿದ್ದವು. ಶಾಪಿನ, ಎಂದರೆ ಕೆಟಲುಗಳಿದ್ದ ಶೆಡ್ಡಿನ, ಕಂಪ್ಯೂಟರುಗಳಿಗೆ ಅಕ್ಷರದ ಫಾಂಟು ಹಾಕುವುದನ್ನು ಮರೆತಿದ್ದೆವು. ಪರದೆ ತುಂಬ ಅಕ್ಷರಗಳ ಬದಲು ಖಾಲಿ ಚೌಕಗಳು ಸಾಲಾಗಿ ಕೂತವು. ಆಪರೇಟರುಗಳು ಅದನ್ನು ಗಂಭೀರವಾಗಿ ನೋಡಿದರು, 'ಆಯಿತು' ಎಂದು ಒತ್ತಿದರು, ಮತ್ತೆ ಚೌಕ ನೋಡಿದರು, ಮತ್ತೆ ಒತ್ತಿದರು. ತಮಗೆ ತಿಳಿದ ಹಾಗೆ ಬ್ಯಾಚ್ ಮಾಡಿ ಮುಗಿಸಿದರು. ಸಂಜೆ ವರದಿ ಬಂತು, ಎಲ್ಲ ಹೆಜ್ಜೆಗಳನ್ನೂ ಓದಿ ಪಾಲಿಸಲಾಗಿದೆ ಎಂದು. ಸಾಹೇಬರು ಆ ವರದಿಗೆ ಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಿದರು.

ಎರಡನೇ ತೊಂದರೆ ಮೌಸಿನದು. ರೆಸಿನ್ ಹತ್ತಿದ ಕೈಯಿಂದ ಹಿಡಿದರೆ ಅದು ಕೈಗೇ ಅಂಟಿಕೊಳ್ಳುತ್ತಿತ್ತು. ಒಂದು ವಾರದಲ್ಲಿ ನಾಲ್ಕು ಮೌಸುಗಳು ಸತ್ತವು. ಸಾಹೇಬರು ಮೌಸ್ ಹಿಡಿಯುವ ಕ್ರಮ ಬರೆದರು. ಮೊದಲ ಹೆಜ್ಜೆ, ಕೈ ತೊಳೆಯಬೇಕು. ನಲ್ಲಿ ಇದ್ದದ್ದು ಶಾಪಿನ ಆಚೆ ತುದಿಗೆ. ಒಂದು ಬ್ಯಾಚಿಗೆ ಇಪ್ಪತ್ತು ಸಲ ಹೋಗಿ ಬರುವುದು ಯಾರ ಕೈಲಾಗುತ್ತದೆ? ಆಪರೇಟರುಗಳೇ ದಾರಿ ಹುಡುಕಿದರು. ಪ್ರತಿ ಪಾಳಿಯಲ್ಲಿ ಒಬ್ಬನಿಗೆ ಯಾವ ಕೆಲಸವನ್ನೂ ಕೊಡದೆ ಸುಮ್ಮನೆ ಕೂರಿಸಿದರು. ಅವನು ಏನನ್ನೂ ಮುಟ್ಟುವಂತಿಲ್ಲ, ಮೌಸು ಒತ್ತುವುದಷ್ಟೇ ಅವನ ಕೆಲಸ. ಶರಣಪ್ಪ ಅವನಿಗೆ ಮಡಿಯವನು ಎಂದು ಹೆಸರಿಟ್ಟ. "ಏ, ದೂರ ಸರೀರಿ, ಅಂವಾ ಮಡ್ಯಾಗ ಅದಾನ" ಎಂದು ಕೂಗಿದರೆ ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದರು. ಕನ್ನಡ ಬಾರದ ಮರಾಠಿ ಆಪರೇಟರುಗಳೂ ಅದನ್ನೇ ಹೇಳತೊಡಗಿದರು. ಸಾಹೇಬರ ಮನೆಯಲ್ಲಿ ಅವರ ತಾಯಿ ಮಡಿಯುಟ್ಟು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. ಮಗ ಅದನ್ನೇ ಕಾರ್ಖಾನೆಗೆ ತಂದು ಸುಧಾರಣೆ ಎಂದು ಕರೆದ.

ಈ ಶರಣಪ್ಪ ಅಫಜಲಪುರದ ಕಡೆಯವನು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಆದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಕಾರ್ಖಾನೆಗೆ ಬರುವ ಮೊದಲು ಲೋಣಾವಳಾದ ಚಿಕ್ಕಿ ಅಂಗಡಿಯೊಂದರಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದ. ಪಾಕ ಎಷ್ಟು ಎಳೆ ಬಂದಿದೆ ಎಂದು ಎರಡು ಬೆರಳ ನಡುವೆ ಎಳೆದು ನೋಡುವ ವಿದ್ಯೆ ಅಲ್ಲಿಯದು. ಕೆಟಲಿನ ರೆಸಿನ್ನಿಗೂ ಅದನ್ನೇ ಮಾಡುತ್ತಿದ್ದ. ಗಾಜಿನ ತುಂಡಿನ ಮೇಲೆ ಒಂದು ಹನಿ ಬಿಟ್ಟು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಎಳೆದು ಬೆಳಕಿಗೆ ಹಿಡಿಯುತ್ತಿದ್ದ. ಲ್ಯಾಬಿನವರ ರಿಪೋರ್ಟು ಬರುವ ಹೊತ್ತಿಗೆ ಅವನು ಹೇಳಿ ಮುಗಿಸಿರುತ್ತಿದ್ದ. ಸಾಹೇಬರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ಇದು ಚಿಕ್ಕಿ ಅಂಗಡಿ ಅಲ್ಲಪಾ, ಕಾರ್ಖಾನಿ" ಎನ್ನುತ್ತಿದ್ದರು. ಶರಣಪ್ಪ "ಹೌದ್ರಿ ಸಾಹೇಬ್ರ" ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ. ಅವರು ತಿರುಗಿದೊಡನೆ ಮತ್ತೆ ಎಳೆದು ನೋಡುತ್ತಿದ್ದ. ಬೇರೆ ಹುದ್ದೆ, ಮೇಸ್ತ್ರಿಗಿರಿ, ಏನನ್ನೂ ಅವನು ಕೇಳಿದವನಲ್ಲ. ಅವನಿಗೆ ಆ ಕೆಟಲ್ ಮುಂದೆ ನಿಲ್ಲುವುದು ಬೇಕಿತ್ತು, ಅಷ್ಟೇ.

ಇನ್ನು ಒಂದು ದಿನದ ವಿಷಯ ಹೇಳಬೇಕು. ಹೆಡ್ ಆಫೀಸಿನಿಂದ ದೊಡ್ಡವರು ಬಂದಿದ್ದರು. ಅವರ ಮುಂದೆ ಸಾಹೇಬರ ಮೀಟಿಂಗು. ಪರದೆ ನೋಡಿಯೇ ಕೆಲಸ ಮಾಡುವುದು ಹೇಗೆ ಎಂಬುದು ವಿಷಯ. ಸೂಪರ್‌ವೈಸರನ್ನು ಕರೆಸಿದರು, ಲ್ಯಾಬಿನವರನ್ನು ಕರೆಸಿದರು, ಒತ್ತಿ ತೋರಿಸಲು ಮಡಿಯವನನ್ನೂ ಕರೆಸಿದರು. ಮೀಟಿಂಗಿಗೂ ಅವರು ಒಂದು ಕ್ರಮ ಬರೆದಿದ್ದರು. ಮುಗಿಯುವ ತನಕ ಯಾರೂ ಏಳಬಾರದು, ಫೋನಿನ ರಿಸೀವರ್ ಕೆಳಗೆ ತೆಗೆದಿಡಬೇಕು, ಬಾಗಿಲಲ್ಲಿ ಪ್ಯೂನ್ ನಿಲ್ಲಬೇಕು. ಪ್ರೊಜೆಕ್ಟರ್ ನಡೆಸುತ್ತ ನಾನೂ ಒಳಗಿದ್ದೆ.

ಕೆಟಲಿನಲ್ಲಿ ಬ್ಯಾಚ್ ಕುದಿಯುತ್ತಿತ್ತು. ಪರದೆ ಹದಿನಾರನೇ ಪುಟದಲ್ಲಿತ್ತು. ಲ್ಯಾಬ್ ರಿಪೋರ್ಟ್ ಬರುವವರೆಗೆ ಕಾಯಬೇಕು ಎಂಬುದು ಅಲ್ಲಿದ್ದ ಸೂಚನೆ. ವಾಲ್ವ್ ತೆರೆಯಿರಿ ಎನ್ನುವುದು ಹದಿನೇಳನೆಯದು. ಅದು ತೆರೆಯದೆ ಯಾರೂ ವಾಲ್ವ್ ಮುಟ್ಟುವಂತಿಲ್ಲ. ಕಾಲು ತಾಸು ಯಾರೂ ಏನೂ ಒತ್ತದಿದ್ದರೆ ಪರದೆ ತಾನಾಗಿ ಮುಚ್ಚಿಕೊಳ್ಳಬೇಕು, ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಿಯೇ ತೆರೆಯಬೇಕು ಎಂದು ಸಾಹೇಬರು ಹೇಳಿದ್ದರು. ಹಾಗೆ ಮಾಡಿಟ್ಟವಳು ನಾನು. ಅದು ಮುಚ್ಚಿಕೊಂಡಿತು. ರಿಪೋರ್ಟ್ ಕೊಡುವವರು ಮೀಟಿಂಗಿನಲ್ಲಿ, ಪಾಸ್‌ವರ್ಡ್ ಹಾಕುವವರೂ ಮೀಟಿಂಗಿನಲ್ಲಿ. ಶರಣಪ್ಪ ಫೋನ್ ಮಾಡಿದ, ಎಂಗೇಜು. ಜೊತೆಯ ಆಪರೇಟರನ್ನು ಓಡಿಸಿದ. ಬಾಗಿಲ ಗಾಜಿನಲ್ಲಿ ಆ ಆಪರೇಟರನ ಬೆವರಿದ ಮುಖ ನನಗೆ ಕಂಡಿತು. ಸಾಹೇಬರಿಗೂ ಕಂಡಿತು. ಅವರು ಮಾತು ನಿಲ್ಲಿಸದೆಯೇ, ಹೋಗು ಎಂದು ಕೈ ಬೀಸಿದರು. ಪ್ಯೂನ್ ಅವನನ್ನು ಆಚೆ ತಳ್ಳಿದ. ಎದ್ದು ಹೋಗಿ ಏನೆಂದು ಕೇಳಲು ನನಗೆ ಹತ್ತು ಹೆಜ್ಜೆ ಸಾಕಿತ್ತು. ನಾನು ಏಳಲಿಲ್ಲ. ಮುಂದಿನ ಚಿತ್ರ ಹಾಕಿದೆ.

ಶರಣಪ್ಪ ಗಾಜಿನ ಮೇಲೆ ಹನಿ ಬಿಟ್ಟು, ಆರಿಸಿ, ಎಳೆದು ನೋಡಿದ. ಆಮೇಲೆ ಮುಚ್ಚಿದ ಪರದೆಯ ಮುಂದೆಯೇ ವಾಲ್ವ್ ತಿರುಗಿಸಿ ಬ್ಯಾಚನ್ನು ಕೆಳಗಿಳಿಸಿದ. ಮೀಟಿಂಗು ಮುಗಿದು ಲ್ಯಾಬಿನವರು ಪರೀಕ್ಷಿಸಿದಾಗ ಹದ ಕರಾರುವಾಕ್ಕಾಗಿತ್ತು. ಇನ್ನು ಹತ್ತು ನಿಮಿಷ ಹೋಗಿದ್ದರೆ ಕೆಟಲ್ ಕಲ್ಲಾಗುತ್ತಿತ್ತು ಎಂದು ಅವರೇ ಬರೆದುಕೊಟ್ಟರು. ಆದರೆ ದಾಖಲೆಯಲ್ಲಿ ಹದಿನಾರಾದ ಮೇಲೆ ಹದಿನೇಳಿರಲಿಲ್ಲ. ಹೆಡ್ ಆಫೀಸಿನವರ ಎದುರಿಗೇ ಅದು ಬಯಲಾಯಿತು. ಸಾಹೇಬರ ಮುಖ ಸಣ್ಣದಾಯಿತು.

"ಬ್ಯಾಚ್ ಉಳೀತಲ್ರಿ ಸರ್" ಎಂದೆ ನಾನು, ಅವರೊಬ್ಬರೇ ಇದ್ದಾಗ.

"ಬ್ಯಾಚ್ ಉಳೀತು, ಶಿಸ್ತು ಹೋತು. ರಿಸಲ್ಟ್ ಚಲೋ ಬಂತಂತ ತಪ್ಪು ಸರಿ ಆಗೂದಿಲ್ರಿ ಬಾಯಾರ" ಎಂದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಸಾಹೇಬರು ಕ್ಯಾಮೆರಾ ಹಿಡಿದು, ನನ್ನನ್ನು ಕರೆದುಕೊಂಡು ಶಾಪಿಗೆ ಹೋದರು. ಆವತ್ತು ಅವರ ಬಾಯಲ್ಲಿ ಕನ್ನಡ. "ಶರಣಪ್ಪಾ, ಹ್ಯಾಂಗ ನೋಡ್ದಿ ಅದನ್ನ? ಒಂದ್ಸಲ ತೋರ್ಸಪಾ." ಅವನಿಗೆ ಆದ ಸಂತೋಷ ನೋಡಬೇಕಿತ್ತು. ಓಡಿಹೋಗಿ ಕೈ ತೊಳೆದು ಬಂದ. ಹನಿ ಬಿಟ್ಟು, ಎಳೆದು, ಐದು ಸಲ ತೋರಿಸಿದ. "ಇಷ್ಟ್ ಉದ್ದ ಬಂದು ಹರೀಲಿಲ್ಲ ಅಂದ್ರ ಇಳಸಬೇಕ್ರಿ. ಹರದ್ರ ಇನ್ನೊಂದೀಟ್ ತಡೀಬೇಕು" ಎಂದು ಬಿಡಿಸಿ ಹೇಳಿದ. ಸಾಹೇಬರು ಬರೆದುಕೊಂಡರು. ಫೋಟೋ ತೆಗೆದವಳು ನಾನು. ಎರಡು ಬೆರಳು, ನಡುವೆ ಕೂದಲಿನಷ್ಟು ತೆಳ್ಳಗೆ ಹೊಳೆಯುವ ಎಳೆ, ಹೆಬ್ಬೆರಳಿನ ಮೇಲೆ ಸೀಳಿದ ಉಗುರು. ಅವರು ಅತ್ತ ಹೋದ ಮೇಲೆ ಶರಣಪ್ಪ ಮೆಲ್ಲಗೆ ಕೇಳಿದ, "ಅಕ್ಕಾರ, ಸಾಹೇಬ್ರ ಸಿಟ್ಟು ಇಳದದಲ್ರಿ?"

"ಇಳದಿರಬೇಕಪಾ" ಎಂದೆ. ನಾನೂ ಹಾಗೆಯೇ ತಿಳಿದಿದ್ದೆ.

ಮಧ್ಯಾಹ್ನದೊಳಗೆ ಹದಿನೇಳನೇ ಪುಟದ ಹೊಸ ಆವೃತ್ತಿ ತಯಾರಾಯಿತು. ಲ್ಯಾಬ್ ರಿಪೋರ್ಟ್ ತಡವಾದಲ್ಲಿ ಆಪರೇಟರ್ ಎಳೆ ನೋಡಿ ವಾಲ್ವ್ ತೆರೆಯಬಹುದು ಎಂದು ಸೂಚನೆ, ಪಕ್ಕದಲ್ಲಿ ಆ ಫೋಟೋ. ಬರೆದವರು ಸಾಹೇಬರು. ಮೂರು ಗಂಟೆಗೆ ಅದೇ ಕಂಪ್ಯೂಟರಿನಲ್ಲಿ, ಅದೇ ಕುರ್ಚಿಯಲ್ಲಿ ಕೂತು ನಾನು ಇನ್ನೊಂದು ಕಾಗದ ಟೈಪು ಮಾಡಿದೆ. ಸೂಚನೆಯಿಲ್ಲದೆ ವಾಲ್ವ್ ತೆರೆದ ತಪ್ಪಿಗೆ ಶರಣಪ್ಪನ ಮೇಲೆ ಚಾರ್ಜ್‌ಶೀಟು. ಸಾಹೇಬರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಒಂದು ಕಡೆ ನನ್ನ ಕೈ ನಿಂತಿತು. "ಏನಾತ್ರಿ?" ಎಂದರು. "ಏನಿಲ್ರಿ" ಎಂದು ಮುಂದುವರಿಸಿದೆ. ಇದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಯೂನಿಯನ್ನಿನವರು ಶರಣಪ್ಪನಿಗೆ ತಿಳಿಸಿ ಹೇಳಿದರು. ಎನ್‌ಕ್ವಯರಿ ನಡೆದರೆ ಕೆಲಸವೇ ಹೋಗಬಹುದು, ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಕೆಟಲ್ ಮಾತ್ರ ಬಿಡಬೇಕು. ಅವನು ಸಾಹೇಬರ ಬಾಗಿಲಲ್ಲಿ ಬಂದು ನಿಂತ. "ಸಾಹೇಬ್ರ, ಏನ್ ಬೇಕಾದ್ರೂ ಬರಕೊಡ್ತೀನ್ರಿ. ಕೆಟಲ್ ಹತ್ರ ಬಿಡ್ರಿ ನನಗ." ಸಾಹೇಬರು ಫೈಲಿನಿಂದ ಕಣ್ಣೆತ್ತದೆ, "ಮುಂದಿನ ವರ್ಷ ಟ್ರೇನಿಂಗ್ ಆಗಲಿ, ನೋಡೋಣು" ಎಂದರು. ಅವನು ಹೆಬ್ಬೆಟ್ಟು ಒತ್ತುವವನಲ್ಲ. ಮರಾಠಿಯಲ್ಲಿದ್ದ ತಪ್ಪೊಪ್ಪಿಗೆ ಕಾಗದ ಓದಿ, ಕನ್ನಡದಲ್ಲಿ ದೊಡ್ಡಕ್ಷರದ ಸಹಿ ಹಾಕಿ ಹೋದ.

ಅವನನ್ನು ಖಾಲಿ ಡ್ರಮ್ಮು ತೊಳೆಯುವ ಹಿತ್ತಲಿಗೆ ಹಾಕಿದರು. ಮುಂದಿನ ವರ್ಷ ಟ್ರೇನಿಂಗ್ ಆಗಲಿಲ್ಲ, ಅದರ ಮುಂದಿನ ವರ್ಷವೂ ಆಗಲಿಲ್ಲ. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಅವನು ಬೆಳಿಗ್ಗೆಯೇ ಬಂದು ಕೆಟಲಿಗೆ ಕುಂಕುಮ ಹಚ್ಚಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಸಾಹೇಬರ ಬಾಗಿಲಿಗೆ ಬಂದು ಅದೇ ಮಾತು ಕೇಳಿ ಹೋಗುತ್ತಿದ್ದ. ಡ್ರಮ್ಮು ತೊಳೆಯುತ್ತಲೇ ನಿವೃತ್ತನಾದ.

ಹದಿನೇಳನೇ ಪುಟಕ್ಕೆ ಕಂಪನಿಯ ಆ ವರ್ಷದ ಬಹುಮಾನ ಬಂತು. ಲೋಣಾವಳಾದ ದೊಡ್ಡ ಹೋಟೆಲಿನಲ್ಲಿ ಸಮಾರಂಭ. ಸಾಹೇಬರಿಗೆ ಶಾಲು, ಪ್ರಮಾಣಪತ್ರ. ಆಪರೇಟರನ ಜ್ಞಾನವನ್ನು ಪರದೆಗೆ ತಂದ ದೂರದೃಷ್ಟಿ ಎಂದು ಹೊಗಳಿದರು. ಯಾವ ಆಪರೇಟರ್ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಬಂದವರಿಗೆಲ್ಲ ಒಂದೊಂದು ಪೊಟ್ಟಣ ಚಿಕ್ಕಿ ಕೊಟ್ಟರು. ನನ್ನದನ್ನು ನಾನು ಹಿತ್ತಲಿಗೆ ಒಯ್ದು ಶರಣಪ್ಪನಿಗೆ ಕೊಟ್ಟೆ. ಮತ್ತೇನು ಮಾಡಬೇಕೆಂದು ನನಗೆ ತೋಚಿರಲಿಲ್ಲ. ಅವನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಪಾಕ ಒಂದ್ ಎಳಿ ಹೆಚ್ಚಾಗ್ಯದ ನೋಡ್ರಿ" ಎಂದ. ಉಳಿದದ್ದನ್ನು ಮನೆಗೆಂದು ಕಟ್ಟಿಕೊಂಡ.

ಸಾಹೇಬರು ನಿವೃತ್ತರಾದರೂ ಹೋಗಲಿಲ್ಲ. ಸಲಹೆಗಾರರೆಂದು ವಾರಕ್ಕೆ ಎರಡು ದಿನ ಬರುತ್ತಿದ್ದರು. ನಾನು ಪುಟ ಕಾಗದಕ್ಕಿಳಿಸಿ ಕೊಡುತ್ತಿದ್ದೆ, ಅವರು ಕೆಂಪು ಗೀರು ಹಾಕುತ್ತಿದ್ದರು, ಅವರ ಪಾಸ್‌ವರ್ಡಿನಲ್ಲಿ ನಾನು ಒಪ್ಪುತ್ತಿದ್ದೆ. ಒಂದು ಸೋಮವಾರ ಬರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ಶ್ರದ್ಧಾಂಜಲಿ ಸಭೆ ಕೋಥರೂಡದ ಅವರ ವಸತಿ ಸೊಸೈಟಿಯ ಸಭಾಂಗಣದಲ್ಲಿ. ನಾನು ಬರೆದು ತಂದ ಒಳ್ಳೆಯ ಮಾತುಗಳನ್ನು ಓದಿ ಬಂದು ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದ ಕುರ್ಚಿಯಲ್ಲಿ ಮಡಿಲಲ್ಲಿ ಛತ್ರಿ ಇಟ್ಟುಕೊಂಡು ಶರಣಪ್ಪ. ಎರಡು ಬಸ್ಸು ಬದಲಿಸಿ ಬಂದಿದ್ದ. "ಎಷ್ಟಂದ್ರೂ ಸಾಹೇಬ್ರಲ್ರಿ" ಎಂದ. ಅಷ್ಟರಲ್ಲಿ ಸಾಹೇಬರ ಜಾಗಕ್ಕೆ ಬಂದ ಹೊಸ ಮ್ಯಾನೇಜರ್ ಎದ್ದು ಗೋಡೆಯ ಮೇಲೆ ಚಿತ್ರಗಳನ್ನು ಬಿಡತೊಡಗಿದರು. ಸಾಹೇಬರು ಶಾಲು ಹೊದ್ದದ್ದು, ಸಾಹೇಬರು ದೀಪ ಹಚ್ಚಿದ್ದು. ಆಮೇಲೆ ಗೋಡೆ ತುಂಬ ಎರಡು ಬೆರಳುಗಳು, ನಡುವೆ ಹೊಳೆಯುವ ಎಳೆ. ಮ್ಯಾನೇಜರ್ ಮರಾಠಿಯಲ್ಲಿ ಹೇಳಿದರು, "ಇವು ನಮ್ಮ ಸರ್ ಅವರ ಬೆರಳುಗಳು. ಇಂದಿಗೂ ನಮ್ಮ ಆಪರೇಟರುಗಳಿಗೆ ದಾರಿ ತೋರಿಸುತ್ತಿವೆ." ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಯಾರೋ ಗೋಡೆಗೆ ಕೈ ಮುಗಿದರು.

ಜೀವನದಲ್ಲಿ ಒಂದು ದಿನ ಮೊಳೆ ಹೊಡೆಯದ, ಮೌಸು ಕೂಡ ಮುಟ್ಟದ ಸಾಹೇಬರಿಗೆ ಆ ಸೀಳಿದ ಉಗುರು ಎಲ್ಲಿಂದ ಬಂತೆಂದು ಒಬ್ಬರಿಗಾದರೂ ಹೊಳೆಯಬಾರದೇ? ತಿರುಗಿ ನೋಡಿದೆ. ಶರಣಪ್ಪನೂ ಎದ್ದು ನಿಂತಿದ್ದ. ಬಲಗೈಯನ್ನು ಮುಷ್ಟಿ ಮಾಡಿ ಛತ್ರಿಯ ಹಿಂದೆ ಇಟ್ಟುಕೊಂಡಿದ್ದ.

"ನಾ ಹೋಗಿ ಹೇಳ್ತೀನಿ ತಡಿ" ಎಂದೆ.

"ಬ್ಯಾಡ್ರಿ ಅಕ್ಕಾರ, ಸತ್ತವರ ಮನಿ. ವೈನಿಯವರು ಇಲ್ಲೇ ಅದಾರ" ಎಂದ. ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ. "ನನ್ನಂತೂ ಬಿಡ್ಲಿಲ್ಲ. ಬೆರಳಾರ ಕೆಟಲ್ ಹತ್ರ ಅದಾವಲ್ರಿ, ಇರ್ಲಿ ಬಿಡ್ರಿ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಂಪ್ಯೂಟರ್ ಹಚ್ಚಿದೆ. ಹದಿನೇಳನೇ ಪುಟ ತೆರೆದೆ. ಫೋಟೋದ ಕೆಳಗೆ, ಬೆರಳುಗಳು ಶರಣಪ್ಪನವರವು, ಕೆಟಲ್ ಆಪರೇಟರ್ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದೆ. ಬದಲಾವಣೆಯ ಕಾರಣ ಎಂದು ಕೇಳಿತು. ಹಿಂದಿನ ಆವೃತ್ತಿಯಲ್ಲಿ ಬೇಕೆಂದೇ ಬಿಟ್ಟಿದ್ದ ಹೆಸರನ್ನು ಸೇರಿಸಲಾಗಿದೆ ಎಂದು ಬರೆದೆ. ಬರೆದವರು ಎಂಬಲ್ಲಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಹೆಸರು ಹಾಕಿದೆ. ಒಪ್ಪಿದವರು ಎಂಬಲ್ಲಿ ಇನ್ನೂ ಸಾಹೇಬರ ಹೆಸರೇ ಇತ್ತು, ತೆಗೆಯುವ ಫಾರ್ಮ್ ಯಾರೂ ತುಂಬಿರಲಿಲ್ಲ. ಡ್ರಾವರ್ ಎಳೆದು, ಅವರ ಅಕ್ಷರದ ಚೀಟಿ ನೋಡಿ, ಪಾಸ್‌ವರ್ಡ್ ಒತ್ತಿದೆ. ಸಾಹೇಬರು ತಕರಾರಿಲ್ಲದೆ ಒಪ್ಪಿದರು.